ಸಂಪಾಜೆ ಏರಿನಲ್ಲಿ ನಿಲ್ಲುವ ಕಾರು

ಇಂಜಿನಿನಲ್ಲಿ ಆಯಿಲ್ ಕಡಿಮೆಯಾದರೆ ಎಲ್ಲರೂ ಹೆದರುತ್ತಾರೆ. ಹೆಚ್ಚಾದರೆ ಯಾರೂ ಹೆದರುವುದಿಲ್ಲ. ಈ ರಿಪೇರಿ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವ ಮಾತು ಇದು.

ನಿವೃತ್ತಿಯಾದ ಮೇಲೆ ನನ್ನ ಕೈಗೆ ಬಂದ ಮೊದಲ ಗಾಡಿ ಪೂವಯ್ಯ ಗೌಡರ ಹಳೇ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನದ್ದು, ಎರಡೇ ಸೀಟು, ಮೇಲೆ ಮಾಡು ಇಲ್ಲ. ಸುಳ್ಯದ ಕಡೆ ಅದನ್ನು ‘ಮುಚ್ಚಳ ಇಲ್ಲದ ಕಾರು’ ಅಂತಲೇ ಕರೆಯುವುದು. ಗೌಡರ ಮನೆ ಸುಳ್ಯ ದಾಟಿ ಸಂಪಾಜೆ ರಸ್ತೆಯಲ್ಲಿ. ಪ್ರತಿ ಆದಿತ್ಯವಾರ ಆ ಕಾರಿನಲ್ಲಿ ಘಾಟಿ ಹತ್ತಿ ಮಡಿಕೇರಿಗೆ ಹೋಗಿ ಹಳೇ ಗೆಳೆಯರ ಜೊತೆ ಇಸ್ಪೀಟು ಆಡಿ ಬರುವುದು ಅವರ ಪದ್ಧತಿ. ಕೆಲವು ಸಮಯದಿಂದ ಕಾರು ಘಾಟಿಯಲ್ಲಿ ನಿಲ್ಲುತ್ತಿತ್ತು. ಒಮ್ಮೆ ತಿರುವಿನಲ್ಲೇ ನಿಂತಾಗ ಮೇಲಿನಿಂದ ಬಂದ ಲಾರಿ ಕೂದಲೆಳೆಯಲ್ಲಿ ತಪ್ಪಿತು. ಅವತ್ತು ಅವರ ಮಗ ಗಿರೀಶ ಒಂದು ಮಾತು ಕಡ್ಡಿ ಮುರಿದ ಹಾಗೆ ಹೇಳಿದ್ದ. ಅವನದ್ದು ಸುಳ್ಯ ಪೇಟೆಯಲ್ಲಿ ಪೈಪು, ಮೋಟರಿನ ಅಂಗಡಿ. ಗಾಡಿ ಇನ್ನೊಮ್ಮೆ ದಾರಿಯಲ್ಲಿ ನಿಂತರೆ ಕೊಚ್ಚಿಯಲ್ಲಿ ಹಳೇ ಕಾರು ಇಟ್ಟುಕೊಳ್ಳುವವರೊಬ್ಬರು ಕೇಳುತ್ತಾ ಇದ್ದಾರೆ, ಅವರಿಗೆ ಕೊಟ್ಟುಬಿಡುವುದು ಅಂತ. ಗೌಡರು ಅದಕ್ಕೇ ನನ್ನನ್ನು ಹುಡುಕಿಕೊಂಡು ಪುತ್ತೂರಿನ ಹತ್ತಿರದ ಕುಂಬ್ರಕ್ಕೆ ಬಂದದ್ದು.

"ಗಾಡಿ ನಿಲ್ತದೆ ಮೇಡಂ, ಅದು ಬಿಟ್ರೆ ಬೇರೆ ಎಂತ ತೊಂದರೆಯೂ ಇಲ್ಲ" ಅಂದರು. "ಆಯಿಲ್ ಅಂತೂ ಒಂದು ಹನಿ ಕುಡಿಯುದಿಲ್ಲ. ಹಾಕಿದ್ದಕ್ಕಿಂತ ಜಾಸ್ತಿಯೇ ತೋರಿಸ್ತದೆ."

ಹೆಮ್ಮೆಯಿಂದ ಹೇಳಿದರು, ಎಮ್ಮೆ ಚೆನ್ನಾಗಿ ಹಾಲು ಕೊಡುತ್ತದೆ ಅನ್ನುವವರ ಹಾಗೆ. ನಾನು ಆಯಿಲ್ ಅಳೆಯುವ ಗೇಜಿನ ಕಡ್ಡಿ ಎಳೆದು ಮೂಗಿಗೆ ಹಿಡಿದೆ. ಪೆಟ್ರೋಲು ವಾಸನೆ.

ಆ ಕಾರಿಗೆ ಮತ್ತೆ ಬರುತ್ತೇನೆ. ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಕುಂಬ್ರದ ಹೆಂಗಸೊಬ್ಬಳಿಗೆ ಸ್ಪೋರ್ಟ್ಸ್ ಕಾರಿನಲ್ಲಿ ಎಂತ ಕೆಲಸ ಅಂತ ನೀವು ಕೇಳುತ್ತೀರಿ.

ನನ್ನ ಅಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದ. ಅಮ್ಮ ಬೀಡಿ ಕಟ್ಟುತ್ತಿದ್ದಳು. ನಮ್ಮ ಕುಟುಂಬದಲ್ಲಿ ನನಗಿಂತ ಮೊದಲು ಏಳನೇ ಕ್ಲಾಸು ದಾಟಿದವರು ಇರಲಿಲ್ಲ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಮಾಡಿದೆ. ಇದನ್ನು ಹೇಳುವಾಗ ನನಗೆ ಈಗಲೂ ಬೆನ್ನು ನೆಟ್ಟಗಾಗುತ್ತದೆ, ಅದನ್ನು ಮುಚ್ಚಿಡಲು ಹೋಗುವುದಿಲ್ಲ. ಸರ್ಟಿಫಿಕೇಟಿಗೆ ಅಪ್ಪ ಗಾಜು ಹಾಕಿಸಿ ದೇವರ ಫೋಟೋದ ಪಕ್ಕ ತೂಗುಹಾಕಿದ. ಹಬ್ಬದ ದಿನ ದೇವರಿಗೆ ಇಟ್ಟ ಹೂವಿನಲ್ಲಿ ಒಂದು ಅದಕ್ಕೂ ಸಿಗುತ್ತಿತ್ತು. ಅದೇ ಪದವಿ ಹಿಡಿದು ಪುತ್ತೂರಿನ ಒಂದು ಗಾಡಿ ರಿಪೇರಿ ಶೆಡ್ಡಿಗೆ ಸೇರಿ, ಮೊದಲ ದಿನ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಮನೆಗೆ ಬಂದಾಗ ಅಮ್ಮ ನೋಡಿದಳು. "ಇದಕ್ಕೆ ಅಷ್ಟು ಓದ್ಬೇಕಿತ್ತಾ ಮಗಾ?" ಅಂತ ಒಂದೇ ಪ್ರಶ್ನೆ ಕೇಳಿದಳು. ಉತ್ತರ ಕೊಡಲು ಕೆಲವು ವರ್ಷ ಹಿಡಿಯಿತು.

ನಾನು ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಅನ್ನುವುದನ್ನು ಬಿಡುತ್ತೇನೆ. ಕೊನೆಗೆ ಅದೇ ಶೆಡ್ಡಿನ ಮ್ಯಾನೇಜರ್ ಆಗಿ ಹೊರಬಂದೆ, ಅಷ್ಟು ಸಾಕು. ಕೆಲಸ ಕಲಿತದ್ದು ಹುದ್ದೆಯಲ್ಲಿ ಅಲ್ಲ, ಜಗಳದಲ್ಲಿ.

ಜಗಳ ಹೆಚ್ಚಾಗಿ ಸಂಜೀವಣ್ಣನ ಜೊತೆ. ಅವರು ಶೆಡ್ಡಿನ ಫೋರ್‌ಮ್ಯಾನ್. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಓಡುವ ಎಲ್ಲಾ ಜೀಪುಗಳೂ ತನ್ನ ಕೈಯಿಂದಲೇ ಓಡುವುದು ಅಂತ ನಂಬಿಕೊಂಡಿದ್ದರು, ಬಂದವರಿಗೆಲ್ಲಾ ನಂಬಿಸುತ್ತಲೂ ಇದ್ದರು. ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಇಂಜಿನಿಯರ್ರೇ, ಆ ಹದಿಮೂರರ ಸ್ಪಾನರ್ ಕೊಡಿ. ಹದಿಮೂರು ಅಂದ್ರೆ ಗೊತ್ತುಂಟಲ್ಲಾ? ಹನ್ನೆರಡರ ನಂತರ ಬರುದು."

ಆಗಿನ ಪೆಟ್ರೋಲ್ ಗಾಡಿಗಳಲ್ಲಿ ಪೆಟ್ರೋಲ್ ಪಂಪು ಇಂಜಿನಿನ ಬದಿಯಲ್ಲಿ ಇರುತ್ತಿತ್ತು. ಕರೆಂಟು ಬೇಡ. ಇಂಜಿನಿನ ಒಳಗೆ ತಿರುಗುವ ಒಂದು ಉಬ್ಬು ಪಂಪಿನ ತೋಳನ್ನು ತಟ್ಟುತ್ತದೆ, ತೋಳು ಒಂದು ರಬ್ಬರ್ ಪರದೆಯನ್ನು ಎಳೆದು ಬಿಡುತ್ತದೆ, ಪರದೆ ಟ್ಯಾಂಕಿನಿಂದ ಪೆಟ್ರೋಲು ಎಳೆದು ಕಾರ್ಬುರೇಟರಿಗೆ ತಳ್ಳುತ್ತದೆ. ನಮ್ಮ ಎದೆಯ ಒಳಗೆ ಇರುವುದೂ ಹೆಚ್ಚುಕಡಿಮೆ ಇಂಥದ್ದೇ. ಪಂಪನ್ನು ಇಂಜಿನಿಗೆ ಕೂರಿಸುವಾಗ ನಡುವೆ ಒಂದು ತೆಳು ಕಾಗದದ ಪ್ಯಾಕಿಂಗ್ ಹಾಕಬೇಕು, ಎಣ್ಣೆ ಹೊರಗೆ ಬರದ ಹಾಗೆ.

ಸಂಜೀವಣ್ಣನ ಶಾಸ್ತ್ರದಲ್ಲಿ ಒಂದು ಪ್ಯಾಕಿಂಗ್ ಸಾಕಾಗುವುದಿಲ್ಲ. "ಎರಡು ಹಾಕು, ಮತ್ತೆ ಮಳೆಗಾಲ ಬೇಸಗೆ ಎರಡೂ ನೋಡ್ಬೇಕಾಗಿಲ್ಲ." ಎಣ್ಣೆ ಜಿನುಗುವುದು ನಿಲ್ಲುತ್ತಿತ್ತು, ನಿಜ. ಆದರೆ ಅವೇ ಗಾಡಿಗಳು ಘಾಟಿಯಲ್ಲಿ ಉಸಿರು ಕಟ್ಟಿ ನಿಲ್ಲುತ್ತಿದ್ದವು. ಆಗ ಡ್ರೈವರುಗಳು ಹೆಗಲಿನ ಬೈರಾಸು ಟವೆಲನ್ನು ಒದ್ದೆ ಮಾಡಿ ಪಂಪಿನ ಮೇಲೆ ಹೊದಿಸಿ, ಬೀಡಿ ಸೇದಿ, ಅದು ತಣಿದ ಮೇಲೆ ಹೊರಡುವುದು. ಪಂಪು ಬಿಸಿಯಾಗಿ ಪೆಟ್ರೋಲು ಆವಿಯಾಗುತ್ತದೆ ಅಂತ ಎಲ್ಲರ ತೀರ್ಮಾನ. ಕೆಲವು ಗಾಡಿಗಳಲ್ಲಿ ಅದು ನಿಜವೂ ಆಗಿತ್ತು. ನಮ್ಮ ಶೆಡ್ಡಿನಿಂದ ಹೋದ ಗಾಡಿಗಳೇ ಹೆಚ್ಚು ಯಾಕೆ ಬಿಸಿಯಾಗುತ್ತವೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ನಾನು ಕೇಳಿದೆ. ಪ್ಯಾಕಿಂಗ್ ದಪ್ಪವಾದಷ್ಟೂ ಪಂಪು ಇಂಜಿನಿನಿಂದ ದೂರ ಕೂರುತ್ತದೆ, ಉಬ್ಬು ತೋಳನ್ನು ಪೂರ್ತಿ ತಟ್ಟುವುದಿಲ್ಲ. ಸಮತಟ್ಟಿನಲ್ಲಿ ಅರ್ಧ ಹೊಟ್ಟೆಗೆ ಓಡುತ್ತದೆ, ಏರಿನಲ್ಲಿ ಹಸಿವಾಗುತ್ತದೆ. ಇಷ್ಟೇ ಲೆಕ್ಕ. ಚಾಕ್ ಹಿಡಿದು ಶೆಡ್ಡಿನ ನೆಲದಲ್ಲಿ ಚಿತ್ರ ಬರೆದು ತೋರಿಸಿದೆ. ಸಂಜೀವಣ್ಣ ಚಿತ್ರದ ಮೇಲೆಯೇ ಬಕೆಟು ಇಟ್ಟರು.

"ಚಿತ್ರ ಘಾಟಿ ಹತ್ತುದಿಲ್ಲ ಇಂಜಿನಿಯರ್ರೇ."

ಒಳ್ಳೆ ಕಾಗದ ಸಿಗುವುದಿಲ್ಲ, ಸಿಕ್ಕಿದ್ದನ್ನು ಹುಡುಗರು ಸುತ್ತಿಗೆಯಲ್ಲಿ ಬಡಿದು ಕತ್ತರಿಸುತ್ತಾರೆ, ಅಂಚು ಸರಿ ಬರುವುದಿಲ್ಲ, ಅದಕ್ಕೇ ಎರಡು ಹಾಕುವುದು ಅನ್ನುವುದು ಅವರ ವಾದದ ಬುಡ. ಮರುದಿನ ನಾನು ಅಮ್ಮನ ಬೀಡಿ ಕತ್ತರಿ ತೆಗೆದುಕೊಂಡು ಹೋದೆ. ಬೀಡಿ ಕಟ್ಟುವವರು ಎಲೆಯ ಮೇಲೆ ತಗಡಿನ ಅಚ್ಚು ಇಟ್ಟು ಸುತ್ತ ಕತ್ತರಿ ಓಡಿಸುತ್ತಾರೆ, ಒಂದು ಎಲೆಯಂತೆ ಇನ್ನೊಂದು. ಆ ಕೆಲಸ ನಾನು ಶಾಲೆಗೆ ಹೋಗುವಾಗಲೇ ಕಲಿತಿದ್ದೆ, ಅದರಲ್ಲೇ ಫೀಸು ಕಟ್ಟಿದ್ದೆ. ಪಂಪಿನ ಬುಡದ ಆಕಾರಕ್ಕೆ ತಗಡಿನ ಅಚ್ಚು ಮಾಡಿ, ಕಾಗದದ ಮೇಲೆ ಇಟ್ಟು ಕತ್ತರಿಸಿದೆ. ಒಂದೇ ಪ್ಯಾಕಿಂಗ್ ಹಾಕಿ ಒಂದು ಜೀಪನ್ನು ಸಂಪಾಜೆಗೆ ಕಳಿಸಿದೆವು. ಅದು ನಿಲ್ಲದೆ ಹತ್ತಿತು, ಎಣ್ಣೆಯೂ ಜಿನುಗಲಿಲ್ಲ.

ಸಂಜೀವಣ್ಣ ಸೋತೆ ಅನ್ನುವ ಜನ ಅಲ್ಲ. "ಕತ್ತರಿ ಒಳ್ಳೇದುಂಟು" ಅಂದರು. ಆದರೆ ಮರುವಾರದಿಂದ ಪ್ಯಾಕಿಂಗ್ ಬೇಕಾದಾಗ ಕರೆಯುವುದು ಬದಲಾಯಿತು. "ಲೀಲಾ, ಒಂದು ಎಲೆ ಕತ್ತರಿಸು." ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳ ಪ್ರಶ್ನೆಗೆ ಅದೇ ನನ್ನ ಉತ್ತರ.

ಮೇಲಿನವರ ಕತೆಯೂ ಒಂದು ಹೇಳಬೇಕು. ದೊಡ್ಡ ಆಫೀಸಿನಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಒಂದು ಜೀಪು ಸ್ಟಾರ್ಟ್ ಆಗುತ್ತಿರಲಿಲ್ಲ. ಪಂಪಿನ ಬದಿಯಲ್ಲಿ ಕೈಯಿಂದ ಒತ್ತುವ ಒಂದು ಚಿಕ್ಕ ಲಿವರ್ ಇರುತ್ತದೆ. ಅದನ್ನು ಒತ್ತಿದರೆ ಬಿಗಿ ಸಿಗಬೇಕು, ಪೆಟ್ರೋಲು ಬರಬೇಕು. ಸಾಹೇಬರು ಒತ್ತಿದರು, ಲಿವರ್ ಸಡಿಲ ಜೋತಾಡಿತು. "ಪಂಪ್ ಹೋಗಿದೆ" ಅಂದರು. ಹೊಸದು ಹಾಕಿದೆವು. ಅದೂ ಸಡಿಲ. "ಈ ಲಾಟೇ ಸರಿ ಇಲ್ಲ" ಅಂದರು. ಇನ್ನೊಂದು ಹಾಕಿದೆವು. ಅದೂ ಸಡಿಲ. ಸಾಹೇಬರು ಕಂಪೆನಿಗೆ ಕಾಗದ ಬರೆಯಲು ಕೂತರು. ನಾನು ಪುಸ್ತಕದಲ್ಲಿ ಇದನ್ನು ಓದಿದ್ದೆ. ಇಂಜಿನು ನಿಂತಾಗ ಒಳಗಿನ ಉಬ್ಬು ತೋಳನ್ನು ಮೇಲೆತ್ತಿ ಹಿಡಿದಿದ್ದರೆ ಕೈಲಿವರಿಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ಕೇಳದೆ ಹೋಗಿ ಹ್ಯಾಂಡಲ್ ಹಾಕಿ ಇಂಜಿನನ್ನು ಒಂದು ಸುತ್ತು ತಿರುಗಿಸಿದೆ. ಲಿವರ್ ಬಿಗಿಯಾಯಿತು. ಕಸದ ಡಬ್ಬಿಯಿಂದ ಮೊದಲಿನ ಪಂಪು ತೆಗೆದು ಹಾಕಿದರೆ ಅದೂ ಸರಿ ಇತ್ತು. ದೋಷ ಇದ್ದದ್ದು ಪ್ಲಗ್ಗಿನಲ್ಲಿ.

ಸಾಹೇಬರು ಹೋಗುವಾಗ ನನ್ನ ಹೆಸರು ಕೇಳಿದರು. ಹೊಗಳಲು ಕೇಳಿದ್ದಲ್ಲ ಅಂತ ಆಮೇಲೆ ಗೊತ್ತಾಯಿತು, ಸ್ವಲ್ಪ ಸಮಯ ನನ್ನನ್ನು ರಿಸೆಪ್ಶನ್ ಕೌಂಟರಿನಲ್ಲಿ ಕೂರಿಸಿದ್ದರು. ಸಂಜೀವಣ್ಣನೇ ಹೋಗಿ ಗಲಾಟೆ ಮಾಡಿ ಹಿಂದೆ ಕರೆದುಕೊಂಡು ಬಂದರು. "ಅವಳನ್ನು ಕೂರಿಸಿದ್ರೆ ಎಲೆ ಕತ್ತರಿಸುದು ಯಾರು?"

ಜನರೂ ಕಲಿಸುತ್ತಾರೆ. ನೆಲ್ಯಾಡಿಯ ರಬ್ಬರ್ ತೋಟದ ಬೇಬಿಚ್ಚನ್ ಒಮ್ಮೆ ಜೀಪನ್ನು ಎಳೆಸಿಕೊಂಡು ಬಂದರು. ಪಂಪಿನ ಪರದೆ ಹರಿದದ್ದಕ್ಕೆ ಪೇಟೆಗೆ ಯಾಕೆ ಹೋಗಬೇಕು, ಮನೆಯಲ್ಲಿ ಬೇಕಾದಷ್ಟು ರಬ್ಬರ್ ಶೀಟು ಉಂಟಲ್ಲಾ ಅಂತ ತನ್ನದೇ ಶೀಟನ್ನು ಕತ್ತರಿಸಿ ಹಾಕಿದ್ದರು. ಪಂಪು ಬಿಚ್ಚಿದೆ. ಒಳಗೆ ಪರದೆ ಎಣ್ಣೆಯಲ್ಲಿ ಕರಿದ ಹಪ್ಪಳದ ಹಾಗೆ ಉಬ್ಬಿ ಕೂತಿತ್ತು. ಮರದಿಂದ ಬಂದ ರಬ್ಬರು ಪೆಟ್ರೋಲು ಕುಡಿದರೆ ಉಬ್ಬುತ್ತದೆ, ಪಂಪಿಗೆ ಹಾಕುವುದು ಬೇರೆ ಜಾತಿಯ ರಬ್ಬರು ಅಂತ ವಿವರಿಸಿದೆ. ಅವರಿಗೆ ಬೇಸರವಾಯಿತು.

"ಮೇಡಂ, ದೇಶಕ್ಕೆಲ್ಲಾ ಟಯರಿಗೆ ನಮ್ಮ ರಬ್ಬರ್ ಆಗ್ತದೆ. ನನ್ನ ಜೀಪಿಗೆ ಆಗುದಿಲ್ವಾ?"

"ಟಯರ್ ಪೆಟ್ರೋಲ್ ಕುಡಿಯುದಿಲ್ಲ ಬೇಬಿಚ್ಚನ್."

"ಜೀಪು ಕುಡಿಯುದೂ ನಿಲ್ಲಿಸಿದ್ರೆ ಒಳ್ಳೇದಿತ್ತು" ಅಂದರು.

ಮತ್ತೆ ಎಲ್ಲಾ ಬದಲಾಯಿತು. ಪಂಪು ಇಂಜಿನಿನ ಬದಿಯಿಂದ ಎದ್ದು ಟ್ಯಾಂಕಿನ ಒಳಗೆ ಹೋಗಿ ಕೂತಿತು, ಕರೆಂಟಿನಲ್ಲಿ ಓಡತೊಡಗಿತು. ಶೆಡ್ಡಿಗೆ ಕಂಪ್ಯೂಟರ್ ಬಂತು. ವಯರು ಸಿಕ್ಕಿಸಿದರೆ ಅದೇ ಕಾಯಿಲೆ ಹೇಳುತ್ತದೆ. ನಾನು ಅದನ್ನೂ ಕಲಿತೆ, ಕಲಿಸಿದೆ, ಹಿಂದಿನದ್ದೇ ಒಳ್ಳೆಯದಿತ್ತು ಅನ್ನುವವಳಲ್ಲ ನಾನು. ಆದರೆ ಒಂದು ಮಾತು. ಕಂಪ್ಯೂಟರ್ ಗಾಡಿಯ ಕಾಯಿಲೆ ಮಾತ್ರ ಹೇಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ನಿವೃತ್ತಿಯಾದ ಮೇಲೆ ನನಗೆ ಸುಮ್ಮನೆ ಕೂತು ಗೊತ್ತಿಲ್ಲ ಅನ್ನುವುದು ಗೊತ್ತಾಯಿತು. ಕುಂಬ್ರದಲ್ಲಿ ನಮ್ಮ ಮನೆ ಹೆದ್ದಾರಿಯ ಬದಿಗೆ. ಜಗಲಿಯಲ್ಲಿ ಕಾಫಿ ಹಿಡಿದು ಕೂತರೆ ಕಿವಿ ರಸ್ತೆಗೆ ಓಡುತ್ತದೆ. ಈ ಲಾರಿಯ ಬೆಲ್ಟು ಸಡಿಲ. ಆ ಆಟೋದ ಸೈಲೆನ್ಸರ್ ಒಡೆದಿದೆ. ಬಸ್ಸಿನವನು ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುತ್ತಾನೆ. ಎದ್ದು ಗೇಟಿನವರೆಗೆ ಹೋಗುವುದು, ಹಿಂದೆ ಬರುವುದು. ಕಾಫಿ ತಣಿಯುತ್ತದೆ. ಮಿಕ್ಸಿ ಬಿಚ್ಚಿದೆ, ಸರಿ ಇದ್ದ ಮಿಕ್ಸಿ. ಕೈಗೆ ಕೆಲಸ ಇಲ್ಲದಿದ್ದರೆ ಮನಸ್ಸಿಗೆ ತುರಿಕೆ ಬರುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಹಾಗಿರುವಾಗ ಗೌಡರ ಮುಚ್ಚಳ ಇಲ್ಲದ ಕಾರು ಅಂಗಳಕ್ಕೆ ಬಂತು.

ಇಂಜಿನಿನ ಎಣ್ಣೆಯಲ್ಲಿ ಪೆಟ್ರೋಲು ಇದ್ದದ್ದು ಯಾಕೆ ಅಂತ ಹೇಳುತ್ತೇನೆ. ಪಂಪಿನ ಪರದೆ ಹರಿದಿತ್ತು. ಪೆಟ್ರೋಲಿನಲ್ಲಿ ಈಗ ಸ್ಪಿರಿಟ್ಟು ಬೆರೆತು ಬರುತ್ತದಲ್ಲಾ, ಅದು ಹಳೇ ಕಾಲದ ರಬ್ಬರನ್ನು ಮೆಲ್ಲ ಮೆಲ್ಲ ತಿನ್ನುತ್ತದೆ. ಹರಿದ ಜಾಗದಿಂದ ಪೆಟ್ರೋಲು ಇಂಜಿನಿನ ಒಳಗೆ ಇಳಿಯುತ್ತಾ, ಎಣ್ಣೆ ನೀರಾಗುತ್ತಾ, ಗೇಜಿನಲ್ಲಿ ಏರುತ್ತಾ ಇತ್ತು. ಇನ್ನು ಸ್ವಲ್ಪ ಸಮಯ ಹೀಗೇ ಓಡಿದ್ದರೆ ಇಂಜಿನಿನ ಬೇರಿಂಗುಗಳೇ ಉಳಿಯುತ್ತಿರಲಿಲ್ಲ. ಗೌಡರಿಗೆ ಹೇಳಿದೆ. ಗಿರೀಶನೂ ಅಲ್ಲೇ ಇದ್ದ.

"ಕರೆಂಟಿನ ಪಂಪು ಹಾಕಿಬಿಡಿ ಮೇಡಂ" ಅಂದ ಅವನು. "ನಮ್ಮ ಅಂಗಡಿಗೇ ಬರ್ತದೆ."

"ನಿನ್ನ ಅಂಗಡಿಯದ್ದು ಬಾವಿಗೆ ಹಾಕು" ಅಂದರು ಗೌಡರು. "ಇದು ಹೇಗೆ ಬಂದಿದೆಯೋ ಹಾಗೇ ಇರ್ಬೇಕು."

ಹಾಗಾಗಿ ಅದೇ ಬಗೆಯ, ಆದರೆ ಈಗಿನ ಪೆಟ್ರೋಲು ತಡೆಯುವ ಪರದೆಯ ಪಂಪು ತರಿಸಿದೆವು.

ನೀವು ಯಾವತ್ತಾದರೂ ಇಂಥ ಪಂಪು ಬದಲಾಯಿಸಬೇಕಾಗಿ ಬಂದರೆ ಅವಸರ ಮಾಡಬೇಡಿ. ನಾನು ಬ್ಯಾಟರಿಯ ವಯರು ಕಳಚಿದೆ, ಪೆಟ್ರೋಲು ಇರುವಲ್ಲಿ ಒಂದು ಕಿಡಿ ಸಾಕು. ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿ ಅದರ ಬಾಯಿಗೆ ಒಂದು ಬೋಲ್ಟು ತುರುಕಿದೆ. ಪಂಪು ಹಿಡಿದಿರುವುದು ಎರಡೇ ನಟ್ಟು. ಮುಂದಿನದ್ದು ಕೈಗೆ ಬರುತ್ತದೆ, ಹಿಂದಿನದ್ದಕ್ಕೆ ಕಣ್ಣು ಮುಚ್ಚಿ ಬೆರಳಲ್ಲಿ ನೋಡಬೇಕು. ಪಂಪು ಹೊರಗೆ ಬಂತು. ಅದರ ಬುಡದಲ್ಲಿ ಒಂದರ ಮೇಲೆ ಒಂದು ಎರಡು ಪ್ಯಾಕಿಂಗ್ ಇದ್ದವು. ನನಗೆ ನಗು ತಡೆಯಲಾಗಲಿಲ್ಲ. ಸಂಜೀವಣ್ಣ ತೀರಿಹೋಗಿ ಎಷ್ಟೋ ಕಾಲವಾಗಿದೆ, ಅವರ ಶಾಲೆಯ ಮಕ್ಕಳು ಎಲ್ಲೆಲ್ಲಿಯೂ ಇದ್ದಾರೆ.

ಇಂಜಿನಿನ ತೂತಿಗೆ ಬಟ್ಟೆ ಇಟ್ಟು, ಹಳೇ ಪ್ಯಾಕಿಂಗ್ ಕೆರೆದು ತೆಗೆದೆ, ಚೂರು ಒಳಗೆ ಬೀಳಬಾರದು. ಹೊಸ ಪಂಪಿನ ಜೊತೆ ಬಂದ ಪ್ಯಾಕಿಂಗ್ ಮಡಿಸಿ ಮುರಿದಿತ್ತು. ಅಮ್ಮನ ಕತ್ತರಿ ತೆಗೆದೆ. ಒಂದೇ ಒಂದು ಎಲೆ ಕತ್ತರಿಸಿದೆ. ಒಳಗಿನ ಉಬ್ಬು ಆಚೆ ಮುಖ ಮಾಡುವವರೆಗೆ ಇಂಜಿನು ತಿರುಗಿಸಿ, ತೋಳಿಗೆ ಎಣ್ಣೆ ಸವರಿ, ತೋಳು ಉಬ್ಬಿಗೆ ಸರಿಯಾಗಿ ಒರಗಿತು ಅಂತ ಬೆರಳಿಗೆ ಗೊತ್ತಾದ ಮೇಲೆಯೇ ನಟ್ಟು ಬಿಗಿದೆ. ಇಲ್ಲಿ ತೋಳು ಅಡ್ಡ ಸಿಕ್ಕಿಕೊಂಡರೆ ಮೊದಲ ಸ್ಟಾರ್ಟಿಗೇ ಮುರಿಯುತ್ತದೆ. ಪೈಪು ಹಾಕಿ, ಪೆಟ್ರೋಲು ಬೆರೆತ ಎಣ್ಣೆಯನ್ನೆಲ್ಲಾ ಇಳಿಸಿ ಹೊಸದು ತುಂಬಿದೆ, ಗೇಜಿನ ಮೇಲಿನ ಗೆರೆಗೆ ಸರಿಯಾಗಿ. ಕೈಲಿವರ್ ಒತ್ತಿದೆ. ಬಿಗಿಯಾಯಿತು. ಬ್ಯಾಟರಿಯ ವಯರು ಮತ್ತೆ ಸಿಕ್ಕಿಸಿ ಕೀ ತಿರುಗಿಸಿದ ಕೂಡಲೇ ಎದ್ದಿತು.

ಗೌಡರು ಅಂಗಳದಲ್ಲೇ ಒಂದು ಸುತ್ತು ಹೊಡೆದರು. ಚೆಂಡು ಸಿಕ್ಕಿದ ಮಗುವಿನ ಮುಖ. ತುಳಸಿಕಟ್ಟೆಗೆ ಸ್ವಲ್ಪ ಹೆಚ್ಚೇ ಹತ್ತಿರ ಹೋದರು. ನಾನು ಆಗ ಇಂಜಿನಿನ ಸದ್ದು ಕೇಳುತ್ತಿದ್ದೆ.

ಆದಿತ್ಯವಾರ ಸಂಜೆ ಗಿರೀಶನ ಫೋನು.

"ಮೇಡಂ, ನಿಂತಿತು. ಅದೇ ತಿರುವಿನಲ್ಲಿ. ನೀವು ಮಾಡ್ಲಿಕ್ಕೆ ಇರುದನ್ನು ಮಾಡಿದ್ದೀರಿ, ನಾನು ಬೇರೆ ಹೇಳುದಿಲ್ಲ. ಕೊಚ್ಚಿಯವರು ಮುಂದಿನ ವಾರ ಬರ್ತಾರೆ."

"ಎಷ್ಟು ಹೊತ್ತು ನಿಂತಿತಂತೆ?"

"ಸ್ವಲ್ಪ ಹೊತ್ತು. ಮತ್ತೆ ಸ್ಟಾರ್ಟ್ ಆಯ್ತಂತೆ. ಅಪ್ಪ ತಿರುಗಿಸಿಕೊಂಡು ಮನೆಗೆ ಬಂದ್ರು."

"ಒಂದು ಆದಿತ್ಯವಾರ ಕೊಡಿ" ಅಂದೆ. "ನಾನೇ ಪಕ್ಕದಲ್ಲಿ ಕೂತು ಹೋಗ್ತೇನೆ. ಪಂಪು ಆಗುದಿಲ್ಲ ಅಂತ ನಾನು ಹೇಳಿದ್ರೆ ಕೊಡಿ ಗಾಡಿಯನ್ನು."

"ಆಯ್ತು. ನೀವು ಎಂತ ಹೇಳ್ತೀರೋ ಅದೇ ಕೊನೆ. ಅಪ್ಪನ ಮಾತು ನಾನು ಕೇಳುದಿಲ್ಲ, ನಿಮ್ಮದು ಕೇಳ್ತೇನೆ."

ಆ ವಾರ ಬಸ್ಸು ಹಿಡಿದು ಅವರ ಮನೆಗೆ ಹೋಗಿ ಕಾರನ್ನು ಮತ್ತೆ ನೋಡಿದೆ. ಟ್ಯಾಂಕಿನ ಮುಚ್ಚಳದ ಗಾಳಿಕಂಡಿ ತೆರೆದಿತ್ತು. ಪೈಪಿನಲ್ಲಿ ಬಿರುಕಿಲ್ಲ. ಕಾರ್ಬುರೇಟರಿನಲ್ಲಿ ಕಸ ಇಲ್ಲ. ಪಂಪಿನಿಂದ ಹೊರಗೆ ಹೋಗುವ ಪೈಪನ್ನು ಬಾಟಲಿಗೆ ಹಿಡಿದು ಇಂಜಿನು ತಿರುಗಿಸಿದರೆ ಪೆಟ್ರೋಲು ಕರುವಿಗೆ ಬಿಟ್ಟ ಹಸುವಿನ ಹಾಲಿನ ಹಾಗೆ ಚಿಮ್ಮುತ್ತಿತ್ತು. ಇನ್ನೆಲ್ಲಿ ನೋಡಬೇಕು? ಮನೆಗೆ ಬಂದು ಮಲಗಿದರೆ ತಲೆಯ ಒಳಗೆ ಪಂಪು ಬಿಚ್ಚಿ ಜೋಡಿಸುವುದೇ ಆಯಿತು.

ಆದಿತ್ಯವಾರ ಬೆಳಿಗ್ಗೆ ಗೌಡರು ಟೊಪ್ಪಿ ಇಟ್ಟು, ಹೆಗಲಿಗೆ ಬೈರಾಸು ಹಾಕಿ ತಯಾರಿದ್ದರು. ಬೈರಾಸು ಯಾಕೆ ಅಂತ ಕೇಳಿದೆ.

"ಪಂಪಿಗೆ ಹೊದಿಸ್ಲಿಕ್ಕೆ" ಅಂದರು.

ಸಂಪಾಜೆ ದಾಟಿ ಏರು ಶುರುವಾಯಿತು. ಇಂಜಿನು ಒಂದೇ ಸ್ವರದಲ್ಲಿ ಹಾಡುತ್ತಿತ್ತು. ನಾನು ಎರಡು ಕಿವಿಯನ್ನೂ ಬಾನೆಟ್ಟಿಗೆ ಕೊಟ್ಟು ಕೂತಿದ್ದೆ. ಗೌಡರು ಇಸ್ಪೀಟಿನ ಗೆಳೆಯರ ಕಳ್ಳಾಟದ ಕತೆ ಹೇಳುತ್ತಿದ್ದರು. ತಿರುವು ಹತ್ತಿರ ಬಂದಂತೆ ಮಾತು ನಿಂತಿತು. ಅಲ್ಲಿಯವರೆಗೆ ರಸ್ತೆಗೆ ಬಿಳಿ ಬಿಸಿಲು, ತಿರುವಿನಿಂದ ಆಚೆ ದೊಡ್ಡ ಮರಗಳ ದಟ್ಟ ನೆರಳು. ನೆರಳಿನ ಅಂಚಿಗೆ ಮುಟ್ಟುವಾಗ ಇಂಜಿನು ನಿಂತಿತು. ಕಾರು ರಸ್ತೆಯ ಬದಿಗೆ ಸರಿದು ಸುಮ್ಮನಾಯಿತು.

"ನೋಡಿ, ಇದೇ. ಪೆಟ್ರೋಲ್ ಬರುದಿಲ್ಲ" ಅಂದರು ಗೌಡರು.

ನಾನು ಸೀಟಿನಿಂದ ಏಳಲಿಲ್ಲ. ಪೆಟ್ರೋಲು ಸಿಗದ ಇಂಜಿನು ಹಾಗೆ ನಿಲ್ಲುವುದಿಲ್ಲ. ಅದು ಕೆಮ್ಮುತ್ತದೆ, ಮುಗ್ಗರಿಸುತ್ತದೆ, ಒಮ್ಮೆ ಎದ್ದು ಮತ್ತೆ ಬೀಳುತ್ತದೆ. ಇಡೀ ಜೀವಮಾನ ಆ ಕೆಮ್ಮು ಕೇಳಿದ್ದೇನೆ. ಇದು ಕೆಮ್ಮಲಿಲ್ಲ. ದೀಪ ಆರಿಸಿದ ಹಾಗೆ ನಿಂತಿತು. ಓಡಿಸುವವರೇ ಕೀ ತಿರುಗಿಸಿ ಆರಿಸಿದರೆ ಮಾತ್ರ ಹಾಗೆ ನಿಲ್ಲುವುದು.

ಆದರೂ ಇಳಿದು ಬಾನೆಟ್ ತೆರೆದೆ. ಪೈಪು ಬಿಚ್ಚಿ ಬಾಟಲಿಗೆ ಹಿಡಿದು ಕೈಲಿವರ್ ಒತ್ತಿದೆ. ಪೆಟ್ರೋಲು ಚಿಮ್ಮಿತು. ಬಾಟಲಿ ಎತ್ತಿ ಅವರಿಗೆ ತೋರಿಸಿದೆ. ಅವರು ಬಾಟಲಿ ನೋಡಲಿಲ್ಲ. ಬೈರಾಸಿನ ತುದಿ ಬೆರಳಿಗೆ ಸುತ್ತುತ್ತಿದ್ದರು.

"ಗೌಡ್ರೇ, ಪಂಪು ಸರಿ ಉಂಟು."

"ಹೌದು" ಅಂದರು. ಮತ್ತೆ ಮರಗಳ ನೆರಳಿನ ಕಡೆ ಕೈ ತೋರಿಸಿದರು. "ಬಿಸಿಲಿಂದ ಈ ನೆರಳಿಗೆ ಹೊಕ್ಕ ಕೂಡ್ಲೆ ನಂಗೆ ರಸ್ತೆ ಇಲ್ಲ ಮೇಡಂ. ಕಪ್ಪು. ಆಚೆಯಿಂದ ಲಾರಿ ಬರ್ತದೋ ಇಲ್ವೋ ಗೊತ್ತಾಗುದಿಲ್ಲ. ನಿಲ್ಲಿಸಿ ಸ್ವಲ್ಪ ಕೂತ್ರೆ ಕಣ್ಣು ಹೊಂದ್ತದೆ."

"ಯಾವಾಗಿಂದ?"

"ಪಂಪು ಹಾಳಾಗುವ ಮೊದಲೇ. ಅದು ಹಾಳಾದದ್ದ್ರಿಂದ ನಂಗೆ ಬಚಾವಾಯ್ತು. ನಿಂತಾಗೆಲ್ಲಾ ಪಂಪಿನ ತಲೆಗೆ ಹಾಕ್ತಿದ್ದೆ." ಮೊದಲ ಸಲ ನನ್ನ ಮುಖ ನೋಡಿದರು. "ನೀವು ಸರಿ ಮಾಡಿದ್ರಿ."

ಆ ಮಾತಿನಲ್ಲಿ ಕೃತಜ್ಞತೆ ಇರಲಿಲ್ಲ. ನಾನು ಎಷ್ಟೋ ಗಾಡಿ ರಿಪೇರಿ ಮಾಡಿದ್ದೇನೆ. ರಿಪೇರಿ ಮಾಡಿದ್ದಕ್ಕೆ ಒಬ್ಬರು ನನ್ನ ಮೇಲೆ ಬೇಸರಪಟ್ಟದ್ದು ಅದೇ ಮೊದಲು.

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸಿದ್ರೆ ಗಿರೀಶನಿಗೆ ಗೊತ್ತಾಗ್ತದೆ." ಬೈರಾಸನ್ನು ಬಿಚ್ಚಿ ಮತ್ತೆ ಸುತ್ತಿದರು. "ಒಂದು ಉಪಕಾರ ಮಾಡಿ ಮೇಡಂ. ಪಂಪು ಆಗುದಿಲ್ಲ ಅಂತಲೇ ಹೇಳಿ. ಗಾಡಿ ಕೊಚ್ಚಿಗೆ ಹೋಗ್ಲಿ. ಗಾಡಿ ಹಾಳು ಅಂತ ಹೋಗ್ಲಿ. ನಾನು ಹಾಳು ಅಂತ ಬೇಡ."

ಬಾನೆಟ್ಟಿನ ಸುತ್ತ ಎರಡು ಸಲ ನಡೆದೆ. ಒಂದು ಸುಳ್ಳು, ಯಾರಿಗೂ ಪೆಟ್ಟಾಗದ ಸುಳ್ಳು. ಆದರೆ ಅದನ್ನು ಹೇಳಬೇಕಾದ್ದು ನಾನು, ಒಂದು ಎಲೆ ಹಾಕಿ ಕೂರಿಸಿದ ನನ್ನ ಪಂಪಿನ ಮೇಲೆ. ಅಮ್ಮನ ಕತ್ತರಿ ನೆನಪಾಯಿತು.

"ಸರಿ ಇರುವ ಪಂಪನ್ನು ಹಾಳು ಅಂತ ನಾನು ಇವತ್ತಿನವರೆಗೆ ಹೇಳಿದ್ದಿಲ್ಲ ಗೌಡ್ರೇ. ದೊಡ್ಡ ಸಾಹೇಬ್ರು ಹೇಳಿದಾಗಲೂ ಒಪ್ಪಲಿಲ್ಲ. ಗಿರೀಶ ಕೇಳಿದ್ರೆ ಪಂಪು ಸರಿ ಉಂಟು ಅಂತಲೇ ಹೇಳುದು. ಕಣ್ಣಿನ ವಿಷಯ ಮಾತ್ರ ನನ್ನ ಬಾಯಲ್ಲಿ ಬರುದಿಲ್ಲ. ಅದು ನನ್ನ ಕೆಲಸ ಅಲ್ಲ. ಅದನ್ನು ನೀವೇ ಹೇಳ್ಬೇಕು."

"ಪಂಪು ಸರಿ ಉಂಟು ಅಂದ್ರೆ ಮತ್ತೆ ಯಾಕೆ ನಿಂತಿತು ಅಂತ ಅವ ಕೇಳ್ತಾನಲ್ಲಾ?"

"ಕೇಳ್ತಾನೆ."

ಮೇಲಿನ ನೆರಳಿನಿಂದ ಲಾರಿಯ ಹಾರ್ನು ಕೇಳಿಸಿತು. ಗೌಡರು ಆ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ಲಾರಿ ನಮ್ಮನ್ನು ಉಜ್ಜಿದ ಹಾಗೆ ಕೆಳಗೆ ಹೋಯಿತು. ಅದು ಹೋದ ಮೇಲೆಯೂ ಅವರು ಅದೇ ಕಡೆ ನೋಡುತ್ತಿದ್ದರು.

"ಇಲ್ಲಿ ನಿಲ್ಲುದು ಬೇಡ" ಅಂದೆ. ಪೈಪು ಹಾಕಿ ಬಾನೆಟ್ ಮುಚ್ಚಿದೆ. "ನೀವು ಈಚೆ ಸೀಟಿಗೆ ಬನ್ನಿ."

ಬರುವುದಿಲ್ಲ ಅಂತ ಅಂದುಕೊಂಡಿದ್ದೆ. ಇಳಿದರು. ಕಾರಿನ ಮೂತಿಯ ಮುಂದಿನಿಂದ, ಬಾನೆಟ್ಟಿಗೆ ಕೈ ಊರಿಕೊಂಡೇ ಸುತ್ತು ಬಂದು ಎಡಗಡೆ ಕೂತರು. ನಾನು ಕೀ ತಿರುಗಿಸಿದೆ, ಎದ್ದಿತು. ಸ್ವಲ್ಪ ದೂರ ಹೋದ ಮೇಲೆ ಅವರು ಅತ್ತ ತಿರುಗಿಯೇ, "ಇನ್ನು ಬರುದು ಕಡಿದಾದ ಏರು. ಈಗಲೇ ಎರಡನೇ ಗೇರಿಗೆ ಇಳಿಸಿ, ಆಮೇಲೆ ಹಾಕಿದ್ರೆ ಸಿಗುದಿಲ್ಲ" ಅಂದರು. ಇಳಿಸಿದೆ. "ಹಾರ್ನ್ ಹಾಕಿ." ಹಾಕಿದೆ. "ಅಷ್ಟು ಮೆಲ್ಲ ಹಾಕಿದ್ರೆ ಯಾರಿಗೆ ಕೇಳ್ತದೆ ಮಾರಾಯ್ರೆ?" ಕಣ್ಣಿಗೆ ಕಾಣದ ತಿರುವುಗಳೆಲ್ಲಾ ಅವರ ಕಾಲಿಗೆ ಗೊತ್ತಿದ್ದವು, ನನ್ನ ಪಕ್ಕ ಇಲ್ಲದ ಬ್ರೇಕನ್ನು ಒತ್ತುತ್ತಾ ಬಂದರು.

ಘಾಟಿ ಮುಗಿಯುವಾಗ ಫೋನು ಬಂತು. ಗಿರೀಶ. ಕಾರು ಬದಿಗೆ ನಿಲ್ಲಿಸಿದೆ.

"ಎಂತ ಆಯ್ತು ಮೇಡಂ?"

ಫೋನನ್ನು ಗೌಡರ ಕಡೆ ಚಾಚಿದೆ. ಅವರು ಅದನ್ನು ನೋಡಿದರು, ರಸ್ತೆ ನೋಡಿದರು. ಕೊನೆಗೆ ತೆಗೆದುಕೊಂಡು ತಮ್ಮ ಅರೆಭಾಷೆಯಲ್ಲಿ ಮಗನಿಗೆ ಹೇಳಿದರು.

"ಪಂಪು ಲಾಯ್ಕ ಉಟ್ಟು. ಡ್ರೈವರ್‌ನ ಬದ್ಲಿಸಿದೊ." ಪಂಪು ಚೆನ್ನಾಗಿ ಉಂಟು, ಡ್ರೈವರನ್ನು ಬದಲಿಸಿದೆವು ಅಂತ.

ಮಗ ಮೆಲ್ಲ ಏನೋ ಕೇಳಿದ, ಅಪ್ಪ ಮೆಲ್ಲ ಏನೋ ಹೇಳಿದರು. ನಾನು ಇಳಿದು ಸ್ವಲ್ಪ ದೂರ ಹೋಗಿ ನಿಂತೆ. ಕೊಚ್ಚಿಯವರಿಗೆ ಬರುವುದು ಬೇಡ ಅಂತ ಹೇಳುತ್ತೇನೆ ಅಂತ ಕೊನೆಗೆ ಗಿರೀಶ ಗಟ್ಟಿಯಾಗಿ ಅಂದದ್ದು ಮಾತ್ರ ಅಲ್ಲಿಗೂ ಕೇಳಿಸಿತು. ಮುಚ್ಚಳ ಇಲ್ಲದ ಕಾರಿನಲ್ಲಿ ಗುಟ್ಟು ನಿಲ್ಲುವುದಿಲ್ಲ.

ಮಡಿಕೇರಿಯಲ್ಲಿ ಗೌಡರನ್ನು ಗೆಳೆಯರ ಮನೆಯ ಮುಂದೆ ಇಳಿಸಿದೆ. ಮೆಟ್ಟಿಲು ಹತ್ತುವ ಮೊದಲು ತಿರುಗಿ, "ಆಟ ಮುಗಿಯುವವರೆಗೆ ಎಂತ ಮಾಡ್ತೀರಿ, ಬೇಜಾರಾಗುದಿಲ್ವಾ?" ಅಂತ ಕೇಳಿದರು.

"ನನಗೆ ಕೆಲಸ ಉಂಟು" ಅಂದೆ.

ಅವರು ಒಳಗೆ ಹೋದ ಮೇಲೆ ಬಾನೆಟ್ ತೆರೆದೆ. ಇಂಜಿನು ಸ್ವಲ್ಪ ತಣಿಯಲಿ ಅಂತ ಕಾದು, ಗೇಜಿನ ಕಡ್ಡಿ ಎಳೆದು, ಅವರು ಸೀಟಿನಲ್ಲೇ ಬಿಟ್ಟುಹೋದ ಬೈರಾಸಿನಲ್ಲಿ ಒರೆಸಿ, ಮತ್ತೆ ಹಾಕಿ ಎಳೆದೆ. ಮೂಗಿಗೆ ಹಿಡಿದೆ. ಬರೀ ಎಣ್ಣೆಯ ವಾಸನೆ. ನಾನು ತುಂಬಿದ ಗೆರೆಯಲ್ಲೇ ಇತ್ತು.